ಬಿಡುವಿನ ಮಣೆ: ಕನ್ನಡ ನಾಡಿನ ಕೂತಾಡುವ ಆಟಗಳ ಇತಿಹಾಸ

ಕನ್ನಡ ನಾಡಿನ ಮಣೆಯಾಟಗಳಲ್ಲಿ ಕೆಲವು ಕವಡೆ ಅಥವಾ ದಾಳ ಉರುಳಿಸಿ ಕಾಯಿ ನಡೆಸುವಂಥವು. ಚೌಕಾಬಾರ ಮತ್ತು ಪಗಡೆ ಈ ಗುಂಪಿನವು. ಕೆಲವು ಗುಳಿಯಿಂದ ಗುಳಿಗೆ ಬೀಜ ಹಂಚುತ್ತ ಹೋಗುವಂಥವು. ಹಳೆ ಮೈಸೂರಿನಲ್ಲಿ ಅಳಗುಳಿಮಣೆ ಎನ್ನುವ ಆಟವೇ ಕರಾವಳಿಯಲ್ಲಿ ಚೆನ್ನೆಮಣೆ. ಹುಲಿ ಹಾರಿ ಆಡನ್ನು ಹಿಡಿಯುವ ಆಡು-ಹುಲಿ, ಮೂರು ಕಾಯಿಗಳನ್ನು ಸಾಲುಗೂಡಿಸುವ ಸಾಲುಮನೆ, ಹಾವು ಏಣಿಗಳ ಪರಮಪದ ಸೋಪಾನ ಪಟ, ಇವೆಲ್ಲದರ ಜೊತೆಗೆ ಚದುರಂಗ. ಚದುರಂಗ, ಪಗಡೆಯಂಥವನ್ನು ಬಿಟ್ಟರೆ ಯಾವುದಕ್ಕೂ ಕೊಂಡು ತರಬೇಕಾದ ಸಾಮಾನು ಹೆಚ್ಚಿರಲಿಲ್ಲ. ನೆಲದ ಮೇಲೆ ಇದ್ದಿಲಿನಲ್ಲೋ ಸೀಮೆಸುಣ್ಣದಲ್ಲೋ ಗೆರೆ ಎಳೆದರೆ ಹಾಸು ಸಿದ್ಧ. ಬಳೆಚೂರು, ಹುರುಳಿ, ಅಡಿಕೆ, ಸಣ್ಣ ಕಲ್ಲು ಕಾಯಿಗಳಾಗುತ್ತಿದ್ದವು. ಕವಡೆ ಸಿಗದಿದ್ದಾಗ ಹುಣಸೆಬೀಜವನ್ನು ಒಂದು ಮಗ್ಗುಲು ಕಲ್ಲಿಗೆ ತೇದು ಬಿಳಿ ಮಾಡಿಕೊಂಡರೆ ಅದೇ ಕವಡೆ. ಸಿಗುವುದು ಕಷ್ಟವಾಗಿದ್ದದ್ದು ಸಾಮಾನಲ್ಲ, ಬಿಡುವು. ಬೇಸಾಯದ ಮನೆಗಳಲ್ಲಿ ನಾಲ್ಕು ಜನ ಒಟ್ಟಿಗೆ ಕೂರಲು ಪುರಸೊತ್ತು ಸಿಕ್ಕುತ್ತಿದ್ದ ದಿನಗಳನ್ನು ಪಂಚಾಂಗ ಮತ್ತು ಮಳೆ ಗೊತ್ತುಮಾಡುತ್ತಿದ್ದವು. ಹಾಗಾಗಿ ಈ ಆಟಗಳ ಚರಿತ್ರೆ ಬಹುಮಟ್ಟಿಗೆ ಬಿಡುವಿನ ಚರಿತ್ರೆಯೂ ಹೌದು: ಯಾರಿಗೆ, ಯಾವಾಗ, ಎಷ್ಟು ಹೊತ್ತು ಬಿಡುವಿತ್ತು ಎನ್ನುವುದರ ಚರಿತ್ರೆ.

ಭಾರತದಲ್ಲಿ ದಾಳಗಳ ಇತಿಹಾಸ ಸಿಂಧೂ ಕಣಿವೆಯ ನಗರಗಳಷ್ಟು ಹಳೆಯದು. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಕೋರನ ಅಳಲಿನ ಸೂಕ್ತವೊಂದಿದೆ. ಅವನನ್ನು ಹಾಳುಮಾಡುವುದು ದಾಳವಾಗಿ ಉರುಳುವ ತಾರೆಮರದ ಕಾಯಿಗಳು. ಕನ್ನಡಕ್ಕೆ ಬಂದರೆ ಹಳಗನ್ನಡ ಕವಿಗಳು ದಾಳದ ಆಟವನ್ನು ನೆತ್ತ ಎಂದು ಕರೆದರು. ಕ್ರಿ.ಶ. 941ರ ಸುಮಾರಿಗೆ ಪಂಪ ಬರೆದ ವಿಕ್ರಮಾರ್ಜುನ ವಿಜಯದಲ್ಲಿ ಪಾಂಡವರು ರಾಜ್ಯ ಕಳೆದುಕೊಂಡ ಜೂಜಿನಾಟ ಇದೆ. ಅದರಷ್ಟೇ ಪ್ರಸಿದ್ಧವಾದ ಇನ್ನೊಂದು ನೆತ್ತದ ಪ್ರಸಂಗವೂ ಅದರಲ್ಲಿದೆ. ಜನ್ಮರಹಸ್ಯ ತಿಳಿಸಿ ತನ್ನನ್ನು ಪಾಂಡವರ ಕಡೆಗೆ ಕರೆಯುವ ಕೃಷ್ಣನಿಗೆ ಉತ್ತರವಾಗಿ ಕರ್ಣ, ದುರ್ಯೋಧನನ ಹೆಂಡತಿ ಭಾನುಮತಿ ಸೋತ ಒಂದು ಆಟವನ್ನು ನೆನೆಯುತ್ತಾನೆ. ಆ ಆಟದ ನಡುವೆ ಅವಳ ಮುತ್ತಿನ ಹಾರ ಹರಿದರೂ ದುರ್ಯೋಧನನ ಮನಸ್ಸಿನಲ್ಲಿ ಸಂಶಯ ಹುಟ್ಟಲಿಲ್ಲ. ಆ ಪದ್ಯದಲ್ಲಿ ಆಡಿದವರು ಯಾರು, ಹಾರ ಎಳೆದವರು ಯಾರು ಎಂದು ಕನ್ನಡ ವಿಮರ್ಶಕರು ದೀರ್ಘವಾಗಿ ಚರ್ಚಿಸಿದ್ದಾರೆ. ಆಟದ ಚರಿತ್ರೆಗೆ ಮುಖ್ಯವಾದ ಸಂಗತಿ ಬೇರೆ. ಸಭೆಯಲ್ಲಿ ರಾಜ್ಯವನ್ನೇ ಪಣಕ್ಕಿಟ್ಟ ಜೂಜಿನ ಪಕ್ಕದಲ್ಲೇ, ಅಂತಃಪುರದಲ್ಲಿ ಗಂಡ ಹೆಂಡತಿ ಗೆಳೆಯರು ಸಲುಗೆಯಿಂದ ಕೂತಾಡುವ ನೆತ್ತವೂ ಇತ್ತೆಂದು ಪಂಪ ಬಲ್ಲ. ಅದನ್ನು ಸ್ನೇಹಕ್ಕೆ ಸಾಕ್ಷಿಯಾಗಿ ಬಳಸಿಕೊಂಡ.

ಶಿಲ್ಪದಲ್ಲಿ ಇದೇ ಸಲುಗೆಯನ್ನು ಎಲ್ಲೋರದಲ್ಲಿ ಕಾಣಬಹುದು. ಅಲ್ಲಿನ 21ನೆಯ ಗುಹೆಯಲ್ಲಿ ಶಿವ ಪಾರ್ವತಿಯರು ದಾಳ ಹಿಡಿದು ಎದುರುಬದುರು ಕೂತಿದ್ದಾರೆ. ದೀಪಾವಳಿಯ ಬಲಿಪಾಡ್ಯಮಿಯಂದು ಪಗಡೆಯಾಡುವ ರೂಢಿಗೆ ಈ ದಂಪತಿಯ ಆಟವನ್ನೇ ಕಾರಣವಾಗಿ ಹೇಳುತ್ತಾರೆ. ಶಾಸ್ತ್ರಗ್ರಂಥಗಳಲ್ಲಿ ಆ ದಿನಕ್ಕೆ ದ್ಯೂತಪ್ರತಿಪದೆ ಎಂಬ ಹೆಸರೂ ಇದೆ.

ಆಟಗಳಿಗೆ ವಿಶ್ವಕೋಶದಲ್ಲಿ ಜಾಗ ಕೊಟ್ಟವನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ. ಅವನ ಮಾನಸೋಲ್ಲಾಸ ಸುಮಾರು 1129ರಲ್ಲಿ ಸಿದ್ಧವಾಯಿತು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಭಾಗಗಳಿರುವ ಆ ಸಂಸ್ಕೃತ ಗ್ರಂಥದ ಕೊನೆಯ ವಿಭಾಗವೇ ಕ್ರೀಡೆಗಳದು. ಉಯ್ಯಾಲೆ, ಜಲಕ್ರೀಡೆ, ಬೆಳದಿಂಗಳ ವಿಹಾರಗಳ ಸಾಲಿನಲ್ಲಿ ಚದುರಂಗಕ್ಕೆ, ದಾಳದಾಟಕ್ಕೆ, ಕವಡೆಯಾಟಕ್ಕೆ ಬೇರೆ ಬೇರೆ ಅಧ್ಯಾಯಗಳಿವೆ. ರಾಜ್ಯ ಗಳಿಸುವುದು, ಗಳಿಸಿದ್ದನ್ನು ಉಳಿಸುವುದು, ಅನುಭವಿಸುವುದು ಎಂಬ ಕ್ರಮದಲ್ಲಿ ಬೆಳೆದ ಗ್ರಂಥ ಆಟದಲ್ಲಿ ಮುಗಿಯುತ್ತದೆ. ಆಟವನ್ನು ಚಟವೆಂದು ತಳ್ಳಿಹಾಕದೆ, ಒಬ್ಬ ರಾಜನು ತಿಳಿದಿರಬೇಕಾದ ವಿದ್ಯೆಯೆಂದು ಒಪ್ಪಿಕೊಂಡ ದೃಷ್ಟಿ ಅದು.

ಸಾಮಾನ್ಯ ಜನರ ಆಟಗಳಿಗೆ ಗ್ರಂಥದ ಬದಲು ಕಲ್ಲಿನ ಸಾಕ್ಷಿ ಇದೆ. ಹಂಪಿಯ ಮಂಟಪಗಳ ನೆಲದಲ್ಲಿ, ಹಳೆಯ ದೇವಸ್ಥಾನಗಳ ಜಗಲಿಗಳಲ್ಲಿ, ಊರಬಾಗಿಲ ಕಟ್ಟೆಗಳಲ್ಲಿ ಕೆತ್ತಿದ ಹಾಸುಗಳು ಇಂದಿಗೂ ಕಾಣುತ್ತವೆ. ಒಂದರೊಳಗೊಂದು ಮೂರು ಚೌಕಗಳಿದ್ದರೆ ಅದು ಸಾಲುಮನೆ. ತ್ರಿಕೋನದ ತುದಿಯಿಂದ ಇಳಿಯುವ ಗೆರೆಗಳನ್ನು ಅಡ್ಡಗೆರೆಗಳು ಕತ್ತರಿಸಿದ್ದರೆ ಆಡು-ಹುಲಿ. ಎರಡು ಸಾಲು ಗುಳಿಗಳಿದ್ದರೆ ಅಳಗುಳಿ. ಇವುಗಳನ್ನು ತೋರಿಸಿ ವಿಜಯನಗರದ ಕಾಲದ ಆಟ ಎಂದುಬಿಡುವವರಿದ್ದಾರೆ, ಅಷ್ಟು ಅವಸರ ಸಲ್ಲದು. ಕಟ್ಟಡದ ಕಾಲ ಗೊತ್ತಿದ್ದ ಮಾತ್ರಕ್ಕೆ ಅದರ ಮೇಲಿನ ಗೆರೆಯ ಕಾಲ ಗೊತ್ತಾಗುವುದಿಲ್ಲ. ಕಂಬ ಕಡೆದ ಶಿಲ್ಪಿಯೇ ಊಟದ ಬಿಡುವಿನಲ್ಲಿ ಗೀಚಿರಬಹುದು, ಮುನ್ನೂರು ವರ್ಷದ ನಂತರ ದನ ಕಾಯುವ ಹುಡುಗರೂ ಕೊರೆದಿರಬಹುದು. ಆದರೆ ಒಂದು ಮಾತನ್ನು ಧೈರ್ಯವಾಗಿ ಹೇಳಬಹುದು. ಗುಡಿಯ ಜಗಲಿ ಪೂಜೆಗಷ್ಟೇ ಮೀಸಲಾಗಿರಲಿಲ್ಲ. ಸಂತೆಗೆ ಬಂದವರು, ಯಾತ್ರಿಕರು, ಕಾವಲುಗಾರರು ಬಿಸಿಲು ಇಳಿಯುವ ತನಕ ಅಲ್ಲಿ ಕೂತು ಆಡುತ್ತಿದ್ದರು.

ಆಡು-ಹುಲಿಯಲ್ಲಿ ಗೆರೆಗಳು ಕೂಡುವ 23 ಜಾಗಗಳು, 3 ಹುಲಿ, 15 ಆಡು ಇರುವ ಬಗೆ ದಕ್ಷಿಣದಲ್ಲೆಲ್ಲ ಹರಡಿದೆ. ಹುಲಿ ಪಕ್ಕದ ಆಡನ್ನು ಹಾರಿ ಅದರಾಚೆಯ ಖಾಲಿ ಜಾಗದಲ್ಲಿ ಕೂತರೆ ಆ ಆಡು ಸತ್ತಂತೆ. ಆಡುಗಳು ಯಾರನ್ನೂ ಕೊಲ್ಲಲಾರವು. ಒಂದಕ್ಕೊಂದು ಒತ್ತಾಸೆಯಾಗಿ ನಿಂತು, ಹುಲಿಗೆ ಕಾಲಿಡಲು ಜಾಗವಿಲ್ಲದಂತೆ ಕಟ್ಟಿಹಾಕುವುದೊಂದೇ ಅವುಗಳ ಗೆಲುವು. ಇಲ್ಲಿ ಗರವಿಲ್ಲ, ಅದೃಷ್ಟವಿಲ್ಲ. ಎರಡು ಪಕ್ಷಗಳ ಬಲವೂ ಗುರಿಯೂ ಬೇರೆ ಬೇರೆಯಾಗಿರುವ ಇಷ್ಟು ಸೊಗಸಾದ ಆಟವನ್ನು ಕುರಿಗಾಹಿಗಳು ಕಲ್ಲುಹಾಸಿನ ಮೇಲೆ ಆಡಿಕೊಂಡು ಬಂದರು ಎನ್ನುವುದು ಕಡಿಮೆ ಸಂಗತಿಯಲ್ಲ.

ಮನೆಯೊಳಗಿನ ಆಟಗಳಲ್ಲಿ ಎಲ್ಲರಿಗೂ ಹತ್ತಿರವಾದದ್ದು ಚೌಕಾಬಾರ. ಕೆಲವು ಸೀಮೆಗಳಲ್ಲಿ ಇದಕ್ಕೆ ಕಟ್ಟೆಮನೆ ಎಂಬ ಹೆಸರಿದೆ. ಐದೈದರ 25 ಮನೆಗಳ ಚೌಕ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ನಾಲ್ಕು ಮಗ್ಗುಲ ನಡುಮನೆಗಳಲ್ಲಿ ಕತ್ತರಿ ಗುರುತು. ಅಲ್ಲಿ ನಿಂತ ಕಾಯನ್ನು ಯಾರೂ ಕಡಿಯುವಂತಿಲ್ಲ. ಬಾಯಿ ಮೇಲಾಗಿ ಬಿದ್ದ ಕವಡೆ ಎಷ್ಟೋ ಗರ ಅಷ್ಟು. ನಾಲ್ಕೂ ಬೋರಲು ಬಿದ್ದರೆ ಎಂಟು. ನಾಲ್ಕು ಅಥವಾ ಎಂಟು ಬಿದ್ದವರಿಗೆ ಇನ್ನೊಂದು ಆಟ. ಹೊರಗಿನ 16 ಮನೆಗಳನ್ನು ಒಂದು ದಿಕ್ಕಿನಲ್ಲಿ ಸುತ್ತಿ, ಒಳಗಿನ 8 ಮನೆಗಳನ್ನು ಎದುರು ದಿಕ್ಕಿನಲ್ಲಿ ಸುತ್ತಿ ನಡುಮನೆ ಸೇರಿದ ಕಾಯಿ ಹಣ್ಣಾಯಿತು. ಆದರೆ ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವ ಹಾಗಿಲ್ಲ. ಆಟಕ್ಕೆ ಜೀವ ತುಂಬುವುದು ಈ ಒಂದು ಕಟ್ಟಳೆಯೇ. ಯಾರ ತಂಟೆಗೂ ಹೋಗದೆ ಓಡಿ ಗೆಲ್ಲುತ್ತೇನೆ ಎನ್ನುವವರಿಗೆ ಇಲ್ಲಿ ದಾರಿಯಿಲ್ಲ. ಅಜ್ಜಿಯಾದರೂ ಮೊಮ್ಮಗನ ಕಾಯಿ ಕಡಿಯಲೇಬೇಕು.

ಪಗಡೆ ಇದಕ್ಕಿಂತ ದೊಡ್ಡ ಹರಹಿನ ಆಟ. ಬಟ್ಟೆಯಲ್ಲಿ ಹೊಲಿದ ನಾಲ್ಕು ತೋಳಿನ ಹಾಸು, ತೋಳಿಗೆ ಮೂರು ಸಾಲಿನಲ್ಲಿ 24 ಮನೆ, ಒಟ್ಟು 96. ಕಾಯಿಗಳು ನಾಲ್ಕು ಬಣ್ಣದಲ್ಲಿ 16. ದಾಳಗಳು ಉದ್ದನೆಯವು, ನಾಲ್ಕೇ ಮುಖದವು. ದಕ್ಷಿಣದ ದಾಳಗಳ ಮೇಲೆ 1, 3, 4, 6 ಎಂಬ ಗುರುತುಗಳಿರುತ್ತವೆ. ಎದುರುಬದುರಿನವರು ಜೊತೆಗಾರರು. ಮಹಾಭಾರತದ ನೆರಳು ಬಿದ್ದಿದ್ದರಿಂದ ಪಗಡೆಯಿದ್ದ ಮನೆಯಲ್ಲಿ ಜಗಳ ತಪ್ಪಿದ್ದಲ್ಲ ಎಂಬ ನಂಬಿಕೆ ಬೆಳೆಯಿತು. ಜೂಜಿನ ಕೆಟ್ಟ ಹೆಸರು ಹಣವಿಲ್ಲದ ಆಟಕ್ಕೂ ಅಂಟಿಕೊಂಡಿತು. ಇಷ್ಟಾದರೂ ಹಬ್ಬದ ದಿನಗಳಲ್ಲಿ, ಹಳ್ಳಿಯ ಚಾವಡಿಗಳಲ್ಲಿ ಪಗಡೆ ನಡೆಯುತ್ತಲೇ ಬಂತು.

ಅಳಗುಳಿಮಣೆ ಹೆಂಗಸರ ಆಟವೆಂದೇ ಹೆಸರಾಯಿತು. ಮೈನೆರೆದ ಹುಡುಗಿ ಹೊರಗೆ ಕೂತ ದಿನಗಳಲ್ಲಿ, ಬಸುರಿ ಬಾಣಂತಿಯರ ಬಿಡುವಿನಲ್ಲಿ, ಮಧ್ಯಾಹ್ನದ ಊಟದ ನಂತರ ಮಣೆ ಹೊರಗೆ ಬರುತ್ತಿತ್ತು. ಎರಡು ಸಾಲಿಗೆ ಏಳೇಳರಂತೆ 14 ಗುಳಿ. ಒಂದು ಗುಳಿಯ ಬೀಜವನ್ನೆಲ್ಲ ಬಾಚಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಂಚುತ್ತ ಹೋಗಬೇಕು. ಕೈ ಖಾಲಿಯಾದಾಗ ಮುಂದಿನ ಗುಳಿಯಲ್ಲಿ ಬೀಜವಿದ್ದರೆ ಅದನ್ನೇ ಬಾಚಿ ಮುಂದುವರಿಯಬೇಕು. ಅದು ಬರಿದಾಗಿದ್ದರೆ ಅದರಾಚೆಯ ಗುಳಿಯಲ್ಲಿ ಇರುವಷ್ಟು ಬೀಜ ಆಡಿದವರಿಗೆ. ಪಳಗಿದ ಕೈಗಳು ಎಣಿಸುವಂತೆ ಕಾಣುವುದೇ ಇಲ್ಲ. ಯಾವ ಗುಳಿಯಿಂದ ಹೊರಟರೆ ಎಲ್ಲಿ ಕೈ ಬರಿದಾಗುತ್ತದೆ ಎಂದು ಕಣ್ಣಳತೆಯಲ್ಲೇ ತಿಳಿಯುತ್ತವೆ. ಶಾಲೆಯ ಮುಖ ನೋಡದ ಹೆಂಗಸರು ಗಳಿಸಿದ್ದ ಈ ಲೆಕ್ಕದ ಚಾತುರ್ಯಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ.

ತುಳುನಾಡಿನಲ್ಲಿ ಚೆನ್ನೆಗೆ ಇನ್ನೂ ಗಾಢವಾದ ಸ್ಥಾನವಿದೆ. ಅಲ್ಲಿ ಗುಳಿಗೆ ನಾಲ್ಕರಂತೆ 56 ಬೀಜಗಳನ್ನಿಟ್ಟು ಆಡುತ್ತಾರೆ. ಆಡುವ ಕಾಲ ಆಟಿ ತಿಂಗಳು. ಜುಲೈ ಆಗಸ್ಟಿನ ಜಡಿಮಳೆಯಲ್ಲಿ ನಾಟಿ ಮುಗಿದು, ಮನೆಯಿಂದ ಹೊರಬೀಳಲಾಗದೆ, ದವಸವೂ ತಳ ಕಂಡಿರುವ ತಿಂಗಳು ಅದು. ಅಟ್ಟದಿಂದ ಮಣೆ ಇಳಿಯುವುದು ಆಗಲೇ. ಆಟಿ ಕಳೆದ ಮೇಲೆ ಆಡಬಾರದು ಎಂಬ ಕಟ್ಟುಪಾಡೂ ಉಂಟು. ಕೆಲಸದ ದಿನಗಳಲ್ಲಿ ಆಟಕ್ಕೆ ಕೂತರೆ ಗದ್ದೆ ಕಾಯುವುದಿಲ್ಲ ಎಂಬ ವಿವೇಕ ಅದರ ಹಿಂದೆ ಇದ್ದೀತು. ಒಬ್ಬರೇ ಕೂತು ಆಡುವ ಬಗೆಯೊಂದಕ್ಕೆ ಸೀತೆಯ ಹೆಸರಿದೆ.

ಅಕ್ಕ ತಂಗಿಯರು ಎದುರುಬದುರು ಕೂತು ಚೆನ್ನೆಯಾಡಬಾರದು ಎಂಬುದು ಇನ್ನೊಂದು ನಿಷೇಧ. ಅದರ ಮೂಲ ತುಳುವಿನ ಮೌಖಿಕ ಕಥನಕಾವ್ಯವಾದ ಸಿರಿಯ ಪಾಡ್ದನದಲ್ಲಿದೆ. ಸಿರಿಯ ಸಂತತಿಯ ಸೊನ್ನೆಗೆ ಬೆರ್ಮೆರೆಂಬ ದೇವರ ವರದಿಂದ ಅಬ್ಬಗೆ, ದಾರಗೆ ಎಂಬ ಅವಳಿ ಹೆಣ್ಣುಮಕ್ಕಳು ಹುಟ್ಟುತ್ತಾರೆ. ಹೊತ್ತ ಹರಕೆಯನ್ನು ತಂದೆ ತಾಯಿ ಮರೆಯುತ್ತಾರೆ. ಹಿರಿಯರು ಮನೆಯಲ್ಲಿಲ್ಲದ ದಿನ ಇಬ್ಬರೂ ಚೆನ್ನೆಯಾಡಲು ಕೂರುತ್ತಾರೆ. ಸೋಲು ಗೆಲುವಿನ ಮಾತು ಬೆಳೆದು, ಅಕ್ಕ ಅದೇ ಮಣೆಯಿಂದ ತಂಗಿಗೆ ಹೊಡೆಯುತ್ತಾಳೆ. ತಂಗಿಯ ಪ್ರಾಣ ಹೋಗುತ್ತದೆ. ತಂಗಿಯನ್ನು ಬಾವಿಗೆ ಹಾಕಿ ಅಕ್ಕನೂ ಹಾರಿಕೊಳ್ಳುತ್ತಾಳೆ. ಬೆಳ್ತಂಗಡಿ ತಾಲ್ಲೂಕಿನ ಮಾಚಾರು ಗೋಪಾಲ ನಾಯ್ಕರು ಹಾಡಿದ ಸಿರಿಕಾವ್ಯವನ್ನು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ, ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರು 1990ರಲ್ಲಿ ಧ್ವನಿಮುದ್ರಿಸಿಕೊಂಡರು. 1998ರಲ್ಲಿ ಅಚ್ಚಾದ ಆ ಪಠ್ಯದ ಉದ್ದ 15,683 ಸಾಲು. ನಂದಳಿಕೆ, ಕವತ್ತಾರು, ಹಿರಿಯಡಕಗಳ ಸಿರಿಜಾತ್ರೆಯಲ್ಲಿ ಇಂದಿಗೂ ಹೆಂಗಸರ ಮೈಮೇಲೆ ಅಬ್ಬಗೆ ದಾರಗೆಯರು ಬರುತ್ತಾರೆ. ಮನೆಯ ಆಟದ ಮಣೆಯೊಂದು ಒಂದು ಜನಸಮುದಾಯದ ಮಹಾಕಾವ್ಯದಲ್ಲಿ, ಆರಾಧನೆಯಲ್ಲಿ ಇಷ್ಟು ಆಳವಾಗಿ ಬೇರುಬಿಟ್ಟ ಉದಾಹರಣೆ ಕನ್ನಡ ನಾಡಿನಲ್ಲಿ ಅಪರೂಪ.

ಮಳೆಗಾಲದಂತೆಯೇ ಜಾಗರಣೆಯ ರಾತ್ರಿಗಳೂ ಆಟದ ಹೊತ್ತಾಗಿದ್ದವು. ಶಿವರಾತ್ರಿಯಂದು ನಿದ್ದೆ ತಡೆಯಲು ಕವಡೆ ಉರುಳುತ್ತಿತ್ತು. ವೈಕುಂಠ ಏಕಾದಶಿಯ ರಾತ್ರಿ ಶ್ರೀವೈಷ್ಣವ ಮನೆಗಳಲ್ಲಿ ಪರಮಪದ ಸೋಪಾನ ಪಟ ಬಿಚ್ಚುತ್ತಿದ್ದರು. ಕೆಳಗಿನ ಮನೆಗಳಲ್ಲಿ ನರಕ, ದುರ್ಗುಣ. ಮೇಲೇರಿದಂತೆ ದೇವತೆಗಳ ಲೋಕಗಳು. ಎಲ್ಲಕ್ಕಿಂತ ಮೇಲೆ ವೈಕುಂಠ. ಪುಣ್ಯದ ಏಣಿ ಹತ್ತಿಸುತ್ತದೆ, ಪಾಪದ ಹಾವು ನುಂಗಿ ಇಳಿಸುತ್ತದೆ. ಶೈವರಲ್ಲಿ, ಜೈನರಲ್ಲಿ ಅವರವರ ಲೋಕಕಲ್ಪನೆಗೆ ತಕ್ಕ ಪಟಗಳಿದ್ದವು; ಜೈನರ ಪಟದಲ್ಲಿ ಸಾಮಾನ್ಯವಾಗಿ 84 ಮನೆಗಳು. ಈ ಹಾವು ಏಣಿಯ ಆಟವನ್ನು 13ನೆಯ ಶತಮಾನದ ಸಂತ ಜ್ಞಾನೇಶ್ವರರು ರಚಿಸಿದರೆಂಬ ಮಾತು ಬಹಳ ಹರಡಿದೆ. ಉಳಿದು ಬಂದಿರುವ ಪಟಗಳಲ್ಲಿ ಹಳೆಯವು 18ನೆಯ ಶತಮಾನದವು, ಆದ್ದರಿಂದ ಆ ಮಾತಿಗೆ ಆಧಾರ ಸಾಲದು.

ಮಣೆಯಾಟಗಳ ಇತಿಹಾಸದಲ್ಲಿ ಎಲ್ಲರಿಗಿಂತ ಎತ್ತರದಲ್ಲಿ ನಿಲ್ಲುವವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. 1794ರಲ್ಲಿ ಹುಟ್ಟಿದ ಅವರು ಟಿಪ್ಪುವಿನ ಪತನದ ನಂತರ 1799ರಲ್ಲಿ, ಐದನೆಯ ವಯಸ್ಸಿಗೆ ಸಿಂಹಾಸನವೇರಿದರು. 1831ರಲ್ಲಿ ಬ್ರಿಟಿಷರು ರಾಜ್ಯದ ಆಡಳಿತವನ್ನು ಕೈಗೆ ತೆಗೆದುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೆ, ಸುಮಾರು ಮೂವತ್ತೇಳು ವರ್ಷ ಅವರು ಅಧಿಕಾರವಿಲ್ಲದ ಅರಸರು. ರಾಜ್ಯವನ್ನು ಹಿಂದೆ ಪಡೆಯುವ ಮನವಿಗಳ ನಡುವೆಯೇ ಅವರು ಆ ಕಾಲವನ್ನು ಸಾಹಿತ್ಯಕ್ಕೆ, ಸಂಗೀತಕ್ಕೆ, ಚಿತ್ರಕಲೆಗೆ, ಆಟಗಳಿಗೆ ಕೊಟ್ಟರು. ಅವರ ಆಶ್ರಯದಲ್ಲಿ ರೂಪುಗೊಂಡ ಶ್ರೀತತ್ತ್ವನಿಧಿ ಎಂಬ ಗ್ರಂಥದಲ್ಲಿ ನಿಧಿಗಳೆಂಬ ಒಂಬತ್ತು ಭಾಗಗಳಿವೆ. ಕೊನೆಯದಾದ ಕೌತುಕನಿಧಿಯಲ್ಲಿ ಮಣೆಯಾಟಗಳೂ ಗಂಜೀಫಾ ಎಂಬ ಇಸ್ಪೀಟಿನಂಥ ಆಟದ ಎಲೆಗಳೂ ಬಣ್ಣದ ಚಿತ್ರಗಳ ಸಮೇತ ದಾಖಲಾಗಿವೆ.

ಅವರು ಇದ್ದ ಆಟಗಳನ್ನು ಬರೆಸಿಟ್ಟು ಸುಮ್ಮನಾಗಲಿಲ್ಲ. ಪಗಡೆಯ ನಾಲ್ಕು ತೋಳುಗಳನ್ನು ಹೆಚ್ಚಿಸಿ ಹೆಚ್ಚು ಜನ ಕೂತಾಡುವ ಹಾಸುಗಳನ್ನು ಕಲ್ಪಿಸಿದರು. ಮೊಗಲರ ಕಾಲದಿಂದ ಬಂದ ಗಂಜೀಫಾವನ್ನು ವಿಸ್ತರಿಸಿ, 360 ಎಲೆಗಳ ಕಟ್ಟಿನವರೆಗೆ ಬೆಳೆಸಿದ ಮೈಸೂರು ಛದ ಗಂಜೀಫಾ ಅವರ ಆಸ್ಥಾನದ್ದೇ. ಚದುರಂಗದ 64 ಮನೆಗಳಲ್ಲಿ ಕುದುರೆ ಪ್ರತಿ ಮನೆಗೂ ಒಂದೇ ಸಲ ಕಾಲಿಟ್ಟು ಹೊರಬರುವ ಸಮಸ್ಯೆಗೆ ಅವರು ರಚಿಸಿದ ಪರಿಹಾರಗಳು ಉಳಿದಿವೆ. ಹೆಜ್ಜೆಗಳ ಅಂಕಿಗಳನ್ನು ಅಡ್ಡ, ಉದ್ದ ಕೂಡಿದರೆ ಒಂದೇ ಮೊತ್ತ ಬರುವಂತೆ ಹೊಂದಿಸುವುದರಲ್ಲೂ ಅವರಿಗೆ ಆಸಕ್ತಿಯಿತ್ತು. ಅವರು 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೂ ಆಟದ ಹಾಸುಗಳ ಚಿತ್ರಗಳಿವೆ. ಅಧಿಕಾರ ಹೋದ ರಾಜ ಆಟದಲ್ಲಿ ಮುಳುಗಿದ ಎಂದು ಹಗುರವಾಗಿ ಹೇಳಿ ಮುಗಿಸುವ ವಿಷಯ ಇದಲ್ಲ. ಭಾರತದ ಬೇರೆ ಆಸ್ಥಾನಗಳು ಆಟವನ್ನು ಇಷ್ಟು ವ್ಯವಸ್ಥಿತವಾಗಿ ಅಧ್ಯಯನ ಮಾಡಿದ, ದಾಖಲಿಸಿದ, ಹೊಸದಾಗಿ ಸೃಷ್ಟಿಸಿದ ನಿದರ್ಶನ ಕಡಿಮೆ. ದುರದೃಷ್ಟವೆಂದರೆ, ಮುಂಬಯಿಯ ವೆಂಕಟೇಶ್ವರ ಮುದ್ರಣಾಲಯ ಶ್ರೀತತ್ತ್ವನಿಧಿಯ ಮೊದಲ ಮೂರು ನಿಧಿಗಳನ್ನು ಅಚ್ಚು ಹಾಕಿದಾಗ ಆಟಗಳ ಭಾಗ ಅದರಲ್ಲಿ ಸೇರಲಿಲ್ಲ. ಅರಮನೆಯ ಆಟಗಳು ಅರಮನೆಯ ಹಸ್ತಪ್ರತಿಗಳಲ್ಲೇ ಉಳಿದವು; ಬೀದಿಯ ಚೌಕಾಬಾರ ಬೀದಿಯಲ್ಲೇ ಮುಂದುವರಿಯಿತು.

19ನೆಯ ಶತಮಾನದ ಉತ್ತರಾರ್ಧದಲ್ಲಿ ಭಾರತದ ಆಟಗಳು ಹೊರದೇಶದಲ್ಲಿ ಸರಕಾದವು. ಅಮೆರಿಕದಲ್ಲಿ ಪಗಡೆಯಂಥದೇ ಆದ ಪಚೀಸಿ ಆಟ ಪಾರ್ಚೀಸಿಯಾಗಿ ಮಾರಾಟಕ್ಕೆ ಬಂತು. ಇಂಗ್ಲೆಂಡಿನಲ್ಲಿ 1896ರಲ್ಲಿ ಲೂಡೊಗೆ ಪೇಟೆಂಟ್ ಸಿಕ್ಕಿತು. ಹಾವು ಏಣಿಯ ಪಟವೂ 1890ರ ದಶಕದಲ್ಲಿ ಅಲ್ಲಿನ ಮಕ್ಕಳ ಕೈಸೇರಿತು. ಕವಡೆ ಹೋಗಿ ಆರು ಮುಖದ ದಾಳ ಬಂತು, ವೈಕುಂಠದ ಜಾಗದಲ್ಲಿ ನೂರು ಎಂಬ ಅಂಕಿ ಬಂತು. ಆಟ ಸರಳವಾಯಿತು, ಚೆಲುವೂ ತಗ್ಗಿತು. ರಟ್ಟಿನ ಮೇಲೆ ಅಚ್ಚಾಗಿ ಅಗ್ಗದ ಬೆಲೆಗೆ ಜಾತ್ರೆ, ಪೆಟ್ಟಿಗೆ ಅಂಗಡಿಗಳಿಗೆ ಮರಳಿ ಬಂದಾಗ ಇದು ನಮ್ಮದೇ ಎಂಬ ಗುರುತು ಬಹಳ ಜನಕ್ಕೆ ಸಿಗಲಿಲ್ಲ. 20ನೆಯ ಶತಮಾನದಲ್ಲಿ ಕೇರಂ ಮನೆಮನೆಗೆ ಬಂತು, ಆಮೇಲೆ ನೋಟು ಎಣಿಸಿ ಊರು ಕೊಳ್ಳುವ ಬಿಸಿನೆಸ್ ಆಟ ಬಂತು.

ಬಿಡುವಿನ ರೂಪ ಬದಲಾದದ್ದು ಇದಕ್ಕಿಂತ ದೊಡ್ಡ ಪಲ್ಲಟ. ಭಾನುವಾರದ ರಜೆ ಬ್ರಿಟಿಷರ ಕಾಲದ ಕಚೇರಿ, ಶಾಲೆ, ಕಾರ್ಖಾನೆಗಳ ಜೊತೆ ಬಂದದ್ದು. ಆಟಿಗೂ ಏಕಾದಶಿಗೂ ಹೊಂದಿಕೊಂಡಿದ್ದ ಆಟ ಬೇಸಿಗೆ ರಜೆಯ ಅಜ್ಜಿಮನೆಗೆ ಸರಿಯಿತು. ಕೂಡುಕುಟುಂಬಗಳು ಒಡೆದು, ಸಾರಿಸಿದ ನೆಲ ಹೋಗಿ, ಜಗಲಿಯಿಲ್ಲದ ಮನೆಗಳು ಬಂದವು. ಸಂಜೆಯ ಹೊತ್ತನ್ನು ಟಿ.ವಿ. ತೆಗೆದುಕೊಂಡಿತು. ಹೆಂಗಸರ ಕೈಯಲ್ಲಿದ್ದ ಅಳಗುಳಿಮಣೆಗೆ ಎಲ್ಲಕ್ಕಿಂತ ಹೆಚ್ಚು ಪೆಟ್ಟು ಬಿತ್ತು. ಅನೇಕ ಮನೆಗಳಲ್ಲಿ ಮಣೆ ಉಳಿದಿದೆ, ಆಡುವ ಕ್ರಮ ಉಳಿದಿಲ್ಲ.

ಮರಳಿ ಕಟ್ಟುವ ಕೆಲಸವೂ ಮೈಸೂರಿನಿಂದಲೇ ಹೊರಟಿತು. ಅಲ್ಲಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಹಳೆಯ ಹಾಸುಗಳನ್ನು, ದೇವಸ್ಥಾನಗಳ ಕಲ್ಲುಗೆರೆಗಳನ್ನು, ಮುಮ್ಮಡಿಯವರ ಆಟಗಳನ್ನು ಹುಡುಕಿ ದಾಖಲಿಸಿತು. ಈ ಶತಮಾನದ ಮೊದಲ ದಶಕದಿಂದ ಅದು ನಡೆಸಿಕೊಂಡು ಬಂದ ಕ್ರೀಡಾ ಕೌಶಲ್ಯ ಪ್ರದರ್ಶನಗಳಿಂದ ಚೌಕಾಬಾರ, ಪಗಡೆ, ಆಡು-ಹುಲಿಗಳು ಮತ್ತೆ ಅಂಗಡಿಗೆ ಬಂದವು. ಬಟ್ಟೆಯ ಹಾಸು, ಮರದ ಮಣೆ, ಚನ್ನಪಟ್ಟಣದ ಅರಗಿನ ಬಣ್ಣದ ಕಾಯಿಗಳ ಮೂಲಕ ಕುಶಲಕರ್ಮಿಗಳಿಗೂ ಕೆಲಸ ಸಿಕ್ಕಿತು. ಬೆಂಗಳೂರಿನಲ್ಲಿ ಕವಡೆ ಎಂಬ ಹೆಸರಿನ ಸಂಸ್ಥೆ ಇಂಥ ಆಟಗಳನ್ನು ಮಕ್ಕಳಿಗೆ, ದೊಡ್ಡವರಿಗೆ ಕಲಿಸಿ ಆಡಿಸುತ್ತ ಬಂದಿದೆ.

ಇದೇ ಬೆಂಗಳೂರಿನಲ್ಲಿ ಶನಿವಾರ ಭಾನುವಾರ ಎರಡೂ ರಜೆಯಿರುವ ಹೊಸ ವರ್ಗವೊಂದು ಬೆಳೆದಿದೆ. ಗೆಳೆಯರು, ಕುಟುಂಬದವರು ಕೆಫೆಯಲ್ಲೋ ಯಾರದಾದರೂ ಮನೆಯಲ್ಲೋ ಸೇರಿ ದಿನವಿಡೀ ಆಡುವ ರೂಢಿ ಅಲ್ಲಿ ಬೇರೂರಿದೆ. ಮೇಜಿನ ಮೇಲಿರುವುದು ಹೆಚ್ಚಾಗಿ 1995ರಲ್ಲಿ ಜರ್ಮನಿಯಲ್ಲಿ ಹೊರಬಂದ ಕಟಾನ್ ಮತ್ತು ಅದರ ನಂತರದ ಆಟಗಳು. 2020ರ ಲಾಕ್‌ಡೌನಿನಲ್ಲಿ ದೂರದೂರದ ಮನೆಯವರು ಮೊಬೈಲಿನ ಲೂಡೊದಲ್ಲಿ ಜೊತೆಗೂಡಿದರು. ಎದುರುಬದುರು ಕೂತು ಆಡುವ ಆಸೆ ಜನರಲ್ಲಿ ಬತ್ತಿಲ್ಲ ಎನ್ನುವುದಕ್ಕೆ ಇವೆರಡೂ ಸಾಕ್ಷಿ. ಆ ಮೇಜಿನ ಮೇಲೆ ಆಡು-ಹುಲಿಗೆ, ಚೆನ್ನೆಮಣೆಗೆ ಜಾಗವಿಲ್ಲದಿರುವುದಕ್ಕೆ ಆಟದ ಸತ್ವ ಕಾರಣವಲ್ಲ. ಪೆಟ್ಟಿಗೆಯ ಜೊತೆ ಬರುವಂಥ ಸ್ಪಷ್ಟವಾದ ನಿಯಮಪುಸ್ತಕ ಅವುಗಳಿಗೆ ಇಲ್ಲ. ಒಂದೇ ಚೌಕಾಬಾರಕ್ಕೆ ಊರಿಗೊಂದು ಕಟ್ಟಳೆ: ಜೋಡಿಕಾಯಿ ಕಡಿಯಬಹುದೇ, ಮೂರು ಸಲ ಎಂಟು ಬಿದ್ದರೆ ಗರ ಉಳಿಯುತ್ತದೆಯೇ, ಹಣ್ಣಾಗಲು ಲೆಕ್ಕ ಸರಿಯಾಗಿಯೇ ಬೀಳಬೇಕೇ ಎಂಬುದಕ್ಕೆ ತುಮಕೂರಿನ ಉತ್ತರ ಧಾರವಾಡದ ಉತ್ತರವಾಗಬೇಕಿಲ್ಲ. ಆ ಕಟ್ಟಳೆಗಳು ಬಲ್ಲವರ ಬಾಯಲ್ಲಿವೆ, ಬಲ್ಲವರಿಗೆ ವಯಸ್ಸಾಗಿದೆ. ಅವರ ಎದುರು ಕೂತು ಒಂದು ಆಟ ಆಡಿ, ಆಡಿದ ಕ್ರಮವನ್ನು ಊರಿನ ಹೆಸರಿನ ಸಮೇತ ಬರೆದಿಡುವ ಕೆಲಸ ಈಗಲೇ ಆಗಬೇಕು.